ಸೋತ ಪೇಶವೆಯರ ಕೈಯಲ್ಲೇ ನಮ್ಮ ಸೀಮೆ ಉಳಿದಿದ್ದರೆ?

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೂ ನಿವೃತ್ತ ಇತಿಹಾಸ ಶಿಕ್ಷಕರೂ ಆದವರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಈ ಶಾಲೆಯ ಮೊದಮೊದಲಿನ ತಂಡಗಳಲ್ಲಿ ಕಲಿತವನು ನಾನು. ಆಗ ಇಲ್ಲಿ ಈ ಕಟ್ಟಡ ಇರಲಿಲ್ಲ. ಗುಡಿಯ ಪೌಳಿಯಲ್ಲಿ ಕುಳಿತು ಕಲಿತೆವು. ಮಳೆ ಬಂದರೆ ಎಂಟನೆಯ ಇಯತ್ತೆಯವರೂ ಒಂಬತ್ತನೆಯವರೂ ಒಂದೇ ಮೂಲೆಗೆ ಸರಿಯಬೇಕು. ಆ ನೆನಪುಗಳನ್ನು ಹೇಳಲು ನನಗಿಂತ ಚೆನ್ನಾಗಿ ಮಾತನಾಡುವ ಗೆಳೆಯರು ಇದ್ದಾರೆ. ಆದ್ದರಿಂದ ನಾನು ಬೇರೊಂದು ಸಂಗತಿಯನ್ನು ಆಯ್ದುಕೊಂಡಿದ್ದೇನೆ. ನನ್ನ ಮೇಲಿರುವ ಒಂದು ಹಳೆಯ ಸಾಲವನ್ನು ಇವತ್ತು ತೀರಿಸಬೇಕಾಗಿದೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇತಿಹಾಸ ಕಲಿಸಿದೆ. ಒಮ್ಮೆ ಒಂಬತ್ತನೆಯ ವರ್ಗದಲ್ಲಿ ಮೂರನೆಯ ಆಂಗ್ಲೋ-ಮರಾಠಾ ಯುದ್ಧದ ಪಾಠ ನಡೆದಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಪೇಶವೇರು ಸೋತ್ರು, ಖರೆ. ಆದ್ರ ಇಂಗ್ಲೀಷರು 'ಈ ಸೀಮಿ ನೀವ ಇಟಗೋರಿ' ಅಂದಿದ್ರ ನಾವು ಇವತ್ತ ಯಾವ ಸಾಲ್ಯಾಗ ಕುಂತಿರತಿದ್ವಿ?" ವರ್ಗವೆಲ್ಲ ನಕ್ಕಿತು. ನನಗೂ ಪಾಠ ಮುಗಿಸುವ ಅವಸರ. "ಪರೀಕ್ಷೆಗೆ ಬರೂದಿಲ್ಲ, ಕೂಡು" ಅಂದೆ. ಅವಳು ಕೂತಳು. ಆ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಅವಳ ಪ್ರಶ್ನೆಗೆ ಇಷ್ಟು ವರ್ಷಗಳ ಮೇಲೆ ಉತ್ತರ ಹೇಳುತ್ತೇನೆ.

ಮೊದಲು ಒಂದು ಮಾತು. ಇತಿಹಾಸದಲ್ಲಿ 'ಹೀಗಾಗಿದ್ದರೆ' ಎಂದು ಕೇಳುವುದು ವ್ಯರ್ಥ ಎಂದು ನಮ್ಮ ಗುರುಗಳು ನಮಗೆ ಹೇಳುತ್ತಿದ್ದರು. ಮನಸ್ಸಿಗೆ ಬಂದಂತೆ ಕಲ್ಪಿಸಿಕೊಂಡರೆ ಅದು ವ್ಯರ್ಥವೇ ಸರಿ. ಆದರೆ ಒಂದು ಸಂಗತಿಯನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಇದ್ದ ಹಾಗೇ ಇಟ್ಟು, ಊಹೆಗೆ ಆಧಾರ ಹುಡುಕುತ್ತ ಹೋದರೆ ಆದದ್ದು ಯಾಕೆ ಆಯಿತು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ಮೇಲಾಗಿ ನಮ್ಮ ಭಾಗದಲ್ಲಿ ಆ ಆಧಾರ ಹುಡುಕಲು ದೂರ ಹೋಗಬೇಕಿಲ್ಲ. ಹೊಲದ ಬದುವಿನ ಆಚೆ ಈಚೆಯೇ ಅದು ಸಿಗುತ್ತದೆ.

ಆದದ್ದು ಏನು ಎಂಬುದನ್ನು ಮೊದಲು ಚಿಕ್ಕದಾಗಿ ನೋಡೋಣ. 1817ರ ನವೆಂಬರ್ 5ರಂದು ಪುಣೆಯ ಹತ್ತಿರ ಖಡಕಿಯಲ್ಲಿ ಎರಡನೆಯ ಬಾಜೀರಾವ ಪೇಶವೆಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ಯುದ್ಧವಾಯಿತು. ಪೇಶವೆ ಪುಣೆ ಬಿಟ್ಟು ಓಡಬೇಕಾಯಿತು. ಇತ್ತ ದಕ್ಷಿಣದಲ್ಲಿ ಥಾಮಸ್ ಮನ್ರೋ ಚಿಕ್ಕ ಸೈನ್ಯ ಕಟ್ಟಿಕೊಂಡು ಬಾದಾಮಿಯನ್ನು ಹಿಡಿದ. 1818ರ ಏಪ್ರಿಲ್ 10ರಂದು ಬೆಳಗಾವಿ ಕೋಟೆಯನ್ನೂ ಹಿಡಿದ. ಅದೇ ವರ್ಷ ಜೂನ್ ತಿಂಗಳಲ್ಲಿ ಬಾಜೀರಾವ ಜಾನ್ ಮಾಲ್ಕಮನಿಗೆ ಶರಣಾದ. ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ ಪಡೆದು ಕಾನಪುರದ ಹತ್ತಿರದ ಬಿಠೂರಿಗೆ ಹೋಗಿ ನೆಲೆಸಿದ. ಪೇಶವೆಯರ ರಾಜ್ಯ ಅಲ್ಲಿಗೆ ಮುಗಿಯಿತು.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಆದರೆ ನಮ್ಮ ಸೀಮೆಯ ಕಥೆ ಶುರುವಾಗುವುದೇ ಇಲ್ಲಿಂದ. ಕಂಪನಿ ಗೆದ್ದ ನೆಲವನ್ನೆಲ್ಲ ತಾನೇ ಇಟ್ಟುಕೊಳ್ಳಲಿಲ್ಲ. ಮರಾಠಾ ಸರದಾರರನ್ನು ಒಮ್ಮೆಲೇ ಕೆಣಕುವುದು ಅದಕ್ಕೆ ಬೇಕಿರಲಿಲ್ಲ. ಸಾತಾರೆಯ ಛತ್ರಪತಿಗೆ ಒಂದು ರಾಜ್ಯ ಕಟ್ಟಿಕೊಟ್ಟಿತು. ವಿಜಾಪುರ ಕೂಡ ಆ ರಾಜ್ಯದಲ್ಲಿ ಸೇರಿ, 1848ರವರೆಗೆ ಸಾತಾರೆಯ ಆಳ್ವಿಕೆಯಲ್ಲೇ ಇತ್ತು. ಮೀರಜ, ಸಾಂಗಲಿಯ ಪಟವರ್ಧನ ಮನೆತನದವರ ಜಹಗೀರುಗಳನ್ನು ಅವರಿಗೇ ಬಿಟ್ಟಿತು. ಜತ್ತದ ಡಫಳೆಯವರನ್ನು, ಅಕ್ಕಲಕೋಟೆಯ ಭೋಸಲೆಯವರನ್ನು ಅಲ್ಲಲ್ಲೇ ಉಳಿಸಿತು. ಯುದ್ಧದಲ್ಲಿ ಕಂಪನಿಯ ಪಕ್ಷ ವಹಿಸಿದ ಕೊಲ್ಹಾಪುರಕ್ಕೆ ಬಹುಮಾನವನ್ನೇ ಕೊಟ್ಟಿತು. ಆ ಬಹುಮಾನ ಯಾವುದು ಗೊತ್ತೇ? ನಮ್ಮ ಚಿಕ್ಕೋಡಿ, ಅದರ ಜೊತೆಗೆ ಮನೋಳಿ.

ಈ ಚಿಕ್ಕೋಡಿಯ ಕಥೆ ಕೇಳಿ. ಅದು ಕೊಲ್ಹಾಪುರದವರ ಕೈಯಲ್ಲಿತ್ತು. ಅವರಿಂದ ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ ನಿಂಬಾಳಕರ ಕಸಿದುಕೊಂಡ. ಯುದ್ಧ ಮುಗಿದ ಮೇಲೆ ಕಂಪನಿ ಅದನ್ನು ನಿಪ್ಪಾಣಿಯಿಂದ ಬಿಡಿಸಿ ಕೊಲ್ಹಾಪುರಕ್ಕೆ ಮರಳಿಸಿತು. ಮುಂದೆ ಕೊಲ್ಹಾಪುರದ ರಾಜ ನೆರೆಯವರ ಮೇಲೆ ದಂಡೆತ್ತಿ ಹೋಗತೊಡಗಿದಾಗ, 1827ರಲ್ಲಿ ಕಂಪನಿಯೇ ಅದನ್ನು ವಾಪಸು ತೆಗೆದುಕೊಂಡಿತು. ಒಂದೇ ಜೋಡಿ ಎತ್ತಿನಿಂದ ಹೊಲ ಉಳುವ ರೈತ, ಆ ಎತ್ತು ಮುದಿಯಾಗುವ ಮೊದಲೇ ಮೂರು ಧಣಿಗಳಿಗೆ ಕಂದಾಯ ಕಟ್ಟಿದ. ಅವನ ಮನೆಮಾತು ಯಾವುದೆಂದು ಯಾರೂ ಕೇಳಲಿಲ್ಲ.

ಉಳಿದ ಊರುಗಳದ್ದೂ ಇದೇ ಪಾಡು. ಅಥಣಿಯನ್ನು 1731ರ ವಾರಣಾ ಒಪ್ಪಂದದಲ್ಲಿ ಕೊಲ್ಹಾಪುರದವರು ಸಾತಾರೆಯವರಿಗೆ ಬಿಟ್ಟುಕೊಟ್ಟಿದ್ದರು. ನಿಪ್ಪಾಣಿಯ ದೇಸಾಯಿ ಗಂಡು ಸಂತಾನವಿಲ್ಲದೆ 1839ರಲ್ಲಿ ತೀರಿಕೊಂಡಾಗ ಕಂಪನಿ ಆ ಜಹಗೀರನ್ನು ತನ್ನದಾಗಿಸಿಕೊಂಡಿತು. ಅದೇ ವರ್ಷ ಅಥಣಿಯೂ ಕಂಪನಿಯ ಕೈಗೆ ಬಂತು. ಈಚೆಗೆ ತಾಲೂಕು ಕೇಂದ್ರವಾದ ಕಾಗವಾಡ ಮತ್ತು ಅದರ ಪಕ್ಕದ ಶೇಡಬಾಳ ಪಟವರ್ಧನರ ಸೀಮೆಯ ಊರುಗಳು. ರಾಯಬಾಗ ಮಾತ್ರ ಈ ಯಾವ ಕೊಡುಕೊಳ್ಳುವಿಕೆಗೂ ಸಿಗಲಿಲ್ಲ. ಅದು ಕೊಲ್ಹಾಪುರ ಸಂಸ್ಥಾನದ ಮಹಾಲಾಗಿಯೇ ಉಳಿದು, ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಕೊಲ್ಹಾಪುರ ವಿಲೀನವಾದಾಗ ಬೆಳಗಾವಿ ಜಿಲ್ಲೆಗೆ ಸೇರಿತು.

ಈಗ ಆ ಹುಡುಗಿಯ ಪ್ರಶ್ನೆಯನ್ನು ಇನ್ನೊಮ್ಮೆ ನೋಡಿ. 'ಸೋತವರ ಕೈಯಲ್ಲೇ ಸೀಮೆ ಉಳಿದಿದ್ದರೆ' ಎಂಬುದು ಇಲ್ಲಿ ಬರೀ ಊಹೆಯಲ್ಲ. ಚಿಕ್ಕೋಡಿ, ಅಥಣಿ ಕಂಪನಿಯ ಖಾಲಸಾ ಮುಲುಕಾದವು. ರಾಯಬಾಗ, ಜತ್ತ, ಅಕ್ಕಲಕೋಟೆಗಳು ಮರಾಠಾ ಅರಸರಲ್ಲೇ ಉಳಿದವು. ನೂರು ವರ್ಷಕ್ಕೂ ಮಿಕ್ಕಿ ಎರಡೂ ಅಕ್ಕಪಕ್ಕ ನಡೆದವು. ಎರಡನ್ನೂ ತಾಳೆ ನೋಡಿದರೆ ಉತ್ತರ ಸಿಗಬೇಕು.

ನಾನು ನನ್ನ ಮನೆಯಿಂದಲೇ ಶುರು ಮಾಡುತ್ತೇನೆ. ನನ್ನ ತಂದೆಯ ಮನೆ ಖಾಲಸಾದ್ದು, ಚಿಕ್ಕೋಡಿ ಕಡೆಯದು. ತಾಯಿಯ ತವರು ಸಂಸ್ಥಾನದ್ದು, ರಾಯಬಾಗ ಕಡೆಯದು. ನಡುವೆ ಚಕ್ಕಡಿಯಲ್ಲಿ ಒಂದು ದಿನದ ದಾರಿ. ಎರಡೂ ಮನೆಯಲ್ಲಿ ಆಡುವುದು ಒಂದೇ ಕನ್ನಡ, ಅಡುಗೆ ಒಂದೇ, ದೇವರು ಒಂದೇ. ಬೇರೆಯಾಗಿದ್ದದ್ದು ಒಂದೇ ಒಂದು. ತಂದೆಯ ತಂದೆ ಕನ್ನಡ ಶಾಲೆಗೆ ನಾಲ್ಕು ವರ್ಷ ಹೋಗಿ ಕನ್ನಡದಲ್ಲಿ ಸಹಿ ಮಾಡುತ್ತಿದ್ದರು. ತಾಯಿಯ ತಂದೆ ಕಲಿತದ್ದು ಮೋಡಿ ಅಕ್ಷರ. ಸಂಸ್ಥಾನದ ದರಬಾರಿನ ಭಾಷೆ ಮರಾಠಿ, ದಫ್ತರದ ಲಿಪಿ ಮೋಡಿ. ಕೈ ಎತ್ತದೆ ಒಂದೇ ಓಟದಲ್ಲಿ ಬರೆಯುವ ಆ ಲಿಪಿ ಗೊತ್ತಿದ್ದರೆ ಚಾವಡಿಯಲ್ಲಿ ಕೆಲಸ ಸಾಗುತ್ತಿತ್ತು.

ನನ್ನ ಅವ್ವ ಶಾಲೆಗೆ ಹೋದವಳಲ್ಲ. ಲಗ್ನವಾಗಿ ಈ ಊರಿಗೆ ಬಂದ ಮೇಲೆ ಅವಳ ತಂದೆ ಆಗಾಗ ಕಾರ್ಡು ಬರೆಯುತ್ತಿದ್ದರು, ಮೋಡಿಯಲ್ಲಿ. ನಮ್ಮ ಮನೆಯಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ. ಅವ್ವ ಕಾರ್ಡನ್ನು ಸೆರಗಿನಲ್ಲಿಟ್ಟುಕೊಂಡು ಊರ ಹಳೆಯ ಕುಲಕರ್ಣಿಯವರ ಕಟ್ಟೆಗೆ ಹೋಗಬೇಕು. ಅವರು ನಾಲ್ಕು ಜನರ ನಡುವೆ ಗಟ್ಟಿಯಾಗಿ ಓದಬೇಕು. ತವರಿನ ಸಾವು ನೋವು, ಸಾಲ ಸೋಲ, ಎಲ್ಲ ಅವಳಿಗೆ ಮುಟ್ಟಿದ್ದು ಹಾಗೆ. ನಾನು ಅವಳ ಕೈ ಹಿಡಿದು ನಿಂತಿರುತ್ತಿದ್ದೆ. ಕುಲಕರ್ಣಿಯವರು ಮರಾಠಿಯನ್ನು ಕನ್ನಡ ಮಾಡಿ ಹೇಳುತ್ತಾರೆ ಎಂದೇ ತಿಳಿದಿದ್ದೆ. ಅವರು ತೀರಿಕೊಂಡ ಮೇಲೆ ಬಂದ ಮೂರು ಕಾರ್ಡುಗಳನ್ನು ಅವ್ವ ಓದಿಸಲೇ ಇಲ್ಲ. ಟ್ರಂಕಿನಲ್ಲಿಟ್ಟಳು. ಆ ಹೊತ್ತಿಗೆ ನಾನು ಇದೇ ಶಾಲೆಯಲ್ಲಿ ಕನ್ನಡ ಕಾವ್ಯ ಓದುತ್ತಿದ್ದೆ. ನನ್ನ ಅಜ್ಜನ ಕಾರ್ಡು ಓದಲು ನನಗೆ ಬರುತ್ತಿರಲಿಲ್ಲ.

ಈ ಕಾರ್ಡುಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಈಗ ಖಾಲಸಾದ ಕಡೆ ಕನ್ನಡ ಶಾಲೆ ಹೇಗೆ ಬಂತು ಎಂಬುದನ್ನು ನೋಡಬೇಕು. ಕಂಪನಿ ಸರ್ಕಾರಕ್ಕೆ ಕನ್ನಡದ ಮೇಲೆ ಪ್ರೀತಿಯಿತ್ತು ಎಂದು ಯಾರೂ ತಿಳಿಯಬಾರದು. ನಮ್ಮ ಈ ಭಾಗಕ್ಕೆ ಅವರಿಟ್ಟ ಹೆಸರೇ 'ದಕ್ಷಿಣ ಮರಾಠಾ ದೇಶ'. ಕನ್ನಡ ಮಾತನಾಡುವ ಧಾರವಾಡಕ್ಕೂ ಅದೇ ಹೆಸರು. ಮುಂದೆ ರಾಯಬಾಗ, ಕುಡಚಿ, ಉಗಾರಗಳ ಮೇಲೆ ಹಾಯ್ದು ಹೋದ ರೈಲಿಗೂ ಸದರ್ನ್ ಮರಾಠಾ ರೈಲ್ವೆ ಎಂದೇ ಹೆಸರಿಟ್ಟರು. ಪೇಶವೆಯರ ಕಾಲದ ಗುಮಾಸ್ತರನ್ನೇ ಮುಂದುವರಿಸಿದ್ದರಿಂದ ಕಚೇರಿಯಲ್ಲಿ ಮೊದಲು ಮರಾಠಿಯೇ ನಡೆಯಿತು. ಇನ್ನು ಕಂಪನಿಯ ಆಳ್ವಿಕೆ ಎಂಥದೆಂದು 1824ರಲ್ಲಿ ಕಿತ್ತೂರು ಕಂಡಿತು. 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದೂ ಅದೇ ಕಂಪನಿ.

ಹಾಗಾದರೆ ಬದಲಾವಣೆ ಎಲ್ಲಿಂದ ಬಂತು? ಚಿಕ್ಕೋಡಿ, ಅಥಣಿಗಳು ಧಾರವಾಡ ಇದ್ದ ಆಡಳಿತಕ್ಕೇ ಸೇರಿದ್ದರಿಂದ ಬಂತು. ಆ ಆಡಳಿತಕ್ಕೆ ಒಂದು ಶಿಕ್ಷಣ ಇಲಾಖೆ ಇತ್ತು. 1860ರ ದಶಕದಲ್ಲಿ ಅದರಲ್ಲಿ ರಸೆಲ್ ಎಂಬ ಅಧಿಕಾರಿಯೂ ಅವರ ಕೈಕೆಳಗೆ ಡೆಪ್ಯುಟಿ ಚೆನ್ನಬಸಪ್ಪನವರೂ ಇದ್ದರು. ಚೆನ್ನಬಸಪ್ಪನವರು ಊರೂರು ತಿರುಗಿ, ಮನೆಮಾತು ಕನ್ನಡವಾದ ಮಕ್ಕಳು ಮರಾಠಿ ಪುಸ್ತಕ ಹಿಡಿದು ಕುಳಿತದ್ದನ್ನು ಕಂಡು, ಅಲ್ಲಿ ಕನ್ನಡ ಶಾಲೆ ತೆರೆಸಿದರು. ಧಾರವಾಡದಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡಿದರು. ಆಮೇಲೆ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಸರ್ಕಾರದ ದೊಡ್ಡ ಗೋಡೆಯಲ್ಲಿ ಒಂದು ಕಿಂಡಿ ಇತ್ತು, ಆ ಕಿಂಡಿಯಲ್ಲಿ ಕೈ ಹಾಕುವ ನಮ್ಮವನೊಬ್ಬ ಇದ್ದ. ಖಾಲಸಾ ಸೀಮೆಗೆ ಸಿಕ್ಕ ಲಾಭ ಇಷ್ಟೇ. ಇದು ಸಣ್ಣ ಲಾಭವಲ್ಲ.

ಪೇಶವೆಯರಿಗೆ ಈ ಸೀಮೆ ಉಳಿದಿದ್ದರೆ ಏನಾಗುತ್ತಿತ್ತು? ಧಾರವಾಡವೂ ಪುಣೆಯ ದಫ್ತರಕ್ಕೇ ಸೇರಿರುತ್ತಿತ್ತು. ಚೆನ್ನಬಸಪ್ಪನವರಂಥವರು ಹುಟ್ಟುತ್ತಿದ್ದರು, ಆದರೆ ಅವರು ಅರ್ಜಿ ಹಿಡಿದು ಯಾವ ಬಾಗಿಲಿಗೆ ಹೋಗಬೇಕಿತ್ತು? ಕನ್ನಡ ಶಾಲೆ ಎಂದೂ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ಮೂರು ತಲೆಮಾರು ತಡವಾಗಿ ಬರುತ್ತಿತ್ತು ಎಂದು ಮಾತ್ರ ಹೇಳಬಲ್ಲೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಖಾಲಸಾದಲ್ಲಿ ಎಲ್ಲ ಒಳ್ಳೆಯದು, ಸಂಸ್ಥಾನದಲ್ಲಿ ಎಲ್ಲ ಕೆಟ್ಟದ್ದು ಎಂದರೆ ನನ್ನ ಅಜ್ಜನೇ ನನ್ನನ್ನು ಕ್ಷಮಿಸಲಾರ. ಕೊಲ್ಹಾಪುರದ ಶಾಹೂ ಮಹಾರಾಜರು 1902ರ ಜುಲೈ 26ರಂದು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಲಿಂಗಾಯತ, ಜೈನ, ಮುಸ್ಲಿಂ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಕೊಲ್ಹಾಪುರದಲ್ಲಿ ವಸತಿಗೃಹಗಳಾದವು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ಅಂಥ ಕಾಯಿದೆ ಅದೇ ಹೊತ್ತಿಗೆ ಚಿಕ್ಕೋಡಿಯ ಹಳ್ಳಿಗಳಿಗೆ ಇರಲಿಲ್ಲ. ಗೆದ್ದವರ ಸೀಮೆಯಲ್ಲಿ ಇಲ್ಲದ್ದು ಬದುವಿನ ಆಚೆ, ಮರಾಠಾ ಅರಸರ ಸೀಮೆಯಲ್ಲಿ ಇತ್ತು. 1920ರ ಮಾರ್ಚ್‌ನಲ್ಲಿ ಕಾಗಲ್ ಜಹಗೀರಿನ ಮಾಣಗಾವಿಯಲ್ಲಿ ಶಾಹೂ ಮಹಾರಾಜರು ಡಾ. ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿ ಇವರೇ ನಿಮ್ಮ ನಾಯಕರೆಂದು ಪರಿಚಯಿಸಿದರು. 1925ರಲ್ಲಿ ಅಂಬೇಡ್ಕರರು ನಿಪ್ಪಾಣಿಯ ಪರಿಷತ್ತಿಗೆ ಬಂದರು. ಆ ಗಾಳಿ ನಮ್ಮ ಕಡೆ ಬೀಸಿದ್ದು ಕೊಲ್ಹಾಪುರದ ದಿಕ್ಕಿನಿಂದ. ಈ ಶಾಲೆಯಲ್ಲಿ ಮೀಸಲಾತಿಯಿಂದ ಕಲಿತು ನೌಕರಿಗೆ ಸೇರಿದವರೆಲ್ಲರೂ ಆ ದಿನಾಂಕವನ್ನು ನೆನಪಿಡಬೇಕು.

ಇಲ್ಲಿ ಯಾರಾದರೂ ಕೇಳಬಹುದು: ಹಾಗಾದರೆ ಪೇಶವೆಯರಲ್ಲೇ ಉಳಿದಿದ್ದರೆ ಒಳ್ಳೆಯದಾಗುತ್ತಿತ್ತಲ್ಲ? ಹಾಗೂ ಹೇಳಲು ಬರುವುದಿಲ್ಲ. ಪೇಶವೆಯರ ದರಬಾರು ಬೇರೆ, ಶಾಹೂ ಮಹಾರಾಜರ ದರಬಾರು ಬೇರೆ. ಸೋತ ರಾಜ್ಯ ಉಳಿದರೆ ಅದರಲ್ಲಿ ಒಳ್ಳೆಯ ಅರಸ ಹುಟ್ಟಬಹುದು, ಹುಟ್ಟದೆಯೂ ಇರಬಹುದು. ಪ್ರಜೆಗೆ ಅದು ಅದೃಷ್ಟದ ಮಾತು. ಕೊಲ್ಹಾಪುರಕ್ಕೆ ಆ ಅದೃಷ್ಟ ಬಂತು. ಎಲ್ಲ ಸಂಸ್ಥಾನಗಳಿಗೂ ಬರಲಿಲ್ಲ.

ಇನ್ನು ಮೂರನೆಯ ಪ್ರಶ್ನೆ: ಕನ್ನಡವೇ ಅಳಿದುಹೋಗುತ್ತಿತ್ತೇ? ಇಲ್ಲ. ಇದನ್ನು ನಾನು ಧೈರ್ಯದಿಂದ ಹೇಳುತ್ತೇನೆ, ಏಕೆಂದರೆ ರಾಯಬಾಗ ನಮ್ಮ ಕಣ್ಣ ಮುಂದಿದೆ. ಇಷ್ಟು ಕಾಲ ಕೊಲ್ಹಾಪುರದ ಆಳ್ವಿಕೆಯಲ್ಲಿದ್ದು 1949ರಲ್ಲಿ ಈಚೆ ಬಂದಾಗ ಅದರ ಹಳ್ಳಿಗಳಲ್ಲಿ ಜನ ಕನ್ನಡವನ್ನೇ ಆಡುತ್ತಿದ್ದರು. ಅಥಣಿಯ ನೆರೆಯ ಜತ್ತಕ್ಕೆ ಹೋಗಿ ನೋಡಿ. ಅದು ಮರಾಠಾ ಸಂಸ್ಥಾನವಾಗಿದ್ದು, ಈಗ ಮಹಾರಾಷ್ಟ್ರದಲ್ಲಿದೆ. ಅಲ್ಲಿಯ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಅಲ್ಲಿ ಕನ್ನಡ ಶಾಲೆಗಳೂ ಇವೆ. ಕೃಷ್ಣೆಯ ದಂಡೆಯ ಖಿದ್ರಾಪುರದ ಕೊಪ್ಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದ ಕೆ.ಜಿ. ಕುಂದಣಗಾರರು ಆ ಸಂಸ್ಥಾನದ ಶಾಸನಗಳನ್ನೆಲ್ಲ ಹುಡುಕಿ 1939ರಲ್ಲಿ ಪ್ರಕಟಿಸಿದರು.

ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು ನಮ್ಮ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆ. ಜಗತ್ತಿಗೇ ಹೆಸರಾದ ಪ್ರಾಕೃತ ವಿದ್ವಾಂಸರು. ಬಹುಕಾಲ ಕೊಲ್ಹಾಪುರದಲ್ಲಿ ದುಡಿದ ಅವರೇ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪಟವರ್ಧನರ ಸೀಮೆಯಾಗಿದ್ದ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು, ನಾವು ಆಡುವ ಇದೇ ಗಡಿಯ ಕನ್ನಡದ ಸೊಗಡನ್ನು 'ನಿಸರ್ಗ' ಕಾದಂಬರಿಗೆ ತಂದರು. ಇನ್ನು ಚಿಂಚಲಿ ಮಾಯಕ್ಕನ ಜಾತ್ರೆಗೂ ಯಡೂರ ವೀರಭದ್ರನ ದರ್ಶನಕ್ಕೂ ಬರುವ ಗಾಡಿಗಳಲ್ಲಿ ಎಷ್ಟು ಆಚೆಯವು, ಎಷ್ಟು ಈಚೆಯವು ಎಂದು ಯಾರು ಎಣಿಸಿದ್ದಾರೆ?

ನನಗೆ ಹೊಳೆದದ್ದು ಇದು. ಮಾತಿಗೆ ಅರಸನ ಆಸರೆ ಬೇಕಿಲ್ಲ. ಅದು ಒಲೆಯ ಮುಂದೆ, ಹೊಲದಲ್ಲಿ, ತೊಟ್ಟಿಲ ಬಳಿ ಉಳಿಯುತ್ತದೆ. ಆದರೆ ಅಕ್ಷರಕ್ಕೆ ಶಾಲೆ ಬೇಕು. ಶಾಲೆ ಎಲ್ಲಿ ಬರಬೇಕು, ಯಾವ ಭಾಷೆಯಲ್ಲಿ ಬರಬೇಕು ಎಂಬುದನ್ನು ಗಡಿ ನಿರ್ಧರಿಸಿತು. ಗಡಿಯನ್ನು ನಿರ್ಧರಿಸಿದ್ದು ಎಲ್ಲೋ ದೂರದಲ್ಲಿ ಕುಳಿತವರು. ಬಹುಮಾನಕ್ಕೆ, ದಂಡಕ್ಕೆ, ವಾರಸುದಾರರಿಲ್ಲ ಎಂಬ ನೆಪಕ್ಕೆ ಅವರು ಊರುಗಳನ್ನು ಹಂಚಿದರು.

ಇದು ನಮ್ಮೊಬ್ಬರ ಕಥೆಯಲ್ಲ. ಫ್ರಾನ್ಸ್ ಮತ್ತು ಜರ್ಮನಿಯ ನಡುವೆ ಆಲ್ಸೇಸ್ ಎಂಬ ಸೀಮೆಯಿದೆ. 1871ರಲ್ಲಿ ಅದು ಜರ್ಮನಿಗೆ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತಾಗ 1918ರಲ್ಲಿ ಫ್ರಾನ್ಸಿಗೆ ಬಂತು. 1940ರಲ್ಲಿ ಮತ್ತೆ ಜರ್ಮನಿಗೆ, ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಫ್ರಾನ್ಸಿಗೆ. ಹುಟ್ಟಿದ ಮನೆ ಬಿಟ್ಟು ಕದಲದ ಮುದುಕಿಯೊಬ್ಬಳು ನಾಲ್ಕು ಸಲ ದೇಶ ಬದಲಿಸಿದಳು. ಪ್ರತಿ ಸಲವೂ ಮೊದಲು ಬದಲಾದದ್ದು ಶಾಲೆಯ ಪುಸ್ತಕ.

ನಮ್ಮಲ್ಲಿ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಬೆಳಗಾವಿ ಜಿಲ್ಲೆಯಲ್ಲಿ ಚಂದಗಡ ಆಚೆ ಉಳಿಯಿತು, ಉಳಿದದ್ದು ಈಚೆ ಬಂತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಿಂದ ತಕರಾರು ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಅದರ ಬಗ್ಗೆ ನಾನು ಇಲ್ಲಿ ವಾದ ಮಾಡುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಜತ್ತದ ಕನ್ನಡ ಶಾಲೆಗೆ ಒಳ್ಳೆಯ ಕನ್ನಡ ಮಾಸ್ತರರು ಬೇಕು ಎಂದು ನಾವು ಬಯಸುವುದಾದರೆ, ನಿಪ್ಪಾಣಿಯ ಮರಾಠಿ ಶಾಲೆಗೆ ಒಳ್ಳೆಯ ಮರಾಠಿ ಮಾಸ್ತರರು ಬೇಕು ಎಂದೂ ಬಯಸಬೇಕು. ನನ್ನ ಅಜ್ಜನಿಗೆ ಸಿಗದೇ ಹೋದದ್ದನ್ನು ಇನ್ನೊಬ್ಬರ ಮೊಮ್ಮಗನಿಗೆ ತಪ್ಪಿಸಿದರೆ ನಮ್ಮ ಲೆಕ್ಕ ಸರಿಹೋಗುವುದಿಲ್ಲ.

ಈಗ ಆ ಮೂರು ಕಾರ್ಡುಗಳ ಮಾತು. ಅವ್ವ ತೀರಿಕೊಂಡ ಮೇಲೆ ಟ್ರಂಕು ತೆಗೆದಾಗ ಅವು ಸಿಕ್ಕವು. ಕೊಲ್ಹಾಪುರದಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರು ಇದ್ದಾರೆ ಎಂದು ತಿಳಿದು ಅವರ ಹತ್ತಿರ ಒಯ್ದೆ. ಅವರು ಕನ್ನಡಕ ಏರಿಸಿ ಒಂದು ಸಾಲು ನೋಡಿದರು, ಎರಡು ಸಾಲು ನೋಡಿದರು, ತಲೆ ಅಲ್ಲಾಡಿಸಿದರು. "ಅಕ್ಷರ ಕಾಣುತ್ತವೆ, ಅರ್ಥ ಆಗುವುದಿಲ್ಲ. ಇದು ಮರಾಠಿ ಅಲ್ಲ" ಎಂದು ಮರಾಠಿಯಲ್ಲಿ ಹೇಳಿದರು. "ಅಕ್ಷರ ಹೇಗಿವೆಯೋ ಹಾಗೇ ಓದಿರಿ" ಎಂದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು: "ಎಮ್ಮಿ ಈದೈತಿ. ನಿಮ್ಮವ್ವ ನಿನ್ನ ನೆನಸಿ ದಿನಾ ಅಳತಾಳ. ಮಾಯಕ್ಕನ ಜಾತ್ರಿಗೆ ತಪ್ಪದ ಬಾ."

ಓದಿದವರಿಗೆ ಅದು ಏನೆಂದು ಗೊತ್ತಾಗಲಿಲ್ಲ. ಗೊತ್ತಾಗುವ ನನಗೆ ಅದನ್ನು ಓದಲು ಬರುತ್ತಿರಲಿಲ್ಲ. ಅಜ್ಜ ಮಗಳಿಗೆ ಮೊದಲಿನಿಂದಲೂ ಕನ್ನಡದಲ್ಲೇ ಬರೆದಿದ್ದ. ಅವನಿಗೆ ಗೊತ್ತಿದ್ದ ಅಕ್ಷರ ಮಾತ್ರ ಬೇರೆಯದಾಗಿತ್ತು. ಆ ವರ್ಷ ಅವ್ವ ಜಾತ್ರೆಗೆ ಹೋಗಲಿಲ್ಲ. ಕರೆದದ್ದೇ ಅವಳಿಗೆ ತಿಳಿದಿರಲಿಲ್ಲ.

ಬಂಧುಗಳೇ, ಇದು ಹಳೆಯ ಕಾಲದ ಕಥೆ ಎಂದು ನಾನೂ ತಿಳಿದಿದ್ದೆ. ನನ್ನ ಮೊಮ್ಮಗಳು ಪುಣೆಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕಲಿಯುತ್ತಾಳೆ. ಫೋನಿನಲ್ಲಿ ಚೆಂದ ಕನ್ನಡ ಮಾತನಾಡುತ್ತಾಳೆ. ಹೋದ ದೀಪಾವಳಿಗೆ ಅವಳ ಅಜ್ಜಿಗೆ ವಾಟ್ಸಾಪಿನಲ್ಲಿ ನಾಲ್ಕು ಸಾಲು ಕಳಿಸಿದಳು. ಮಾತೆಲ್ಲ ಕನ್ನಡ, ಅಕ್ಷರ ಇಂಗ್ಲಿಷ್. ನನ್ನ ಹೆಂಡತಿ ಏಳನೆಯ ಇಯತ್ತೆಯವರೆ ಕನ್ನಡ ಶಾಲೆ ಕಲಿತವಳು. ಫೋನು ಹಿಡಿದುಕೊಂಡು ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸಿಕೊಳ್ಳಲು ಹೊರಟಳು. ಬಾಗಿಲಲ್ಲಿ ಅವಳನ್ನು ನೋಡಿದಾಗ ನನಗೆ ಸೆರಗಿನಲ್ಲಿ ಕಾರ್ಡು ಇಟ್ಟುಕೊಂಡು ಕುಲಕರ್ಣಿಯವರ ಕಟ್ಟೆಗೆ ಹೋಗುತ್ತಿದ್ದ ಅವ್ವ ನೆನಪಾದಳು. ಈ ಸಲ ಯಾವ ಯುದ್ಧವೂ ಆಗಿಲ್ಲ, ಯಾವ ಒಪ್ಪಂದವೂ ಆಗಿಲ್ಲ. ಯಾರೂ ನಮ್ಮಿಂದ ಕಸಿದುಕೊಂಡಿಲ್ಲ. ಮಗನನ್ನು, ಮೊಮ್ಮಗಳನ್ನು ಆ ದಾರಿಗೆ ಕಳಿಸಿದವರಲ್ಲಿ ನಾನೂ ಒಬ್ಬ. ಇಂಗ್ಲಿಷ್ ಬೇಡ ಎನ್ನಲು ನನಗೆ ಬಾಯಿಲ್ಲ. ಅದರ ಜೊತೆಗೆ ಕನ್ನಡದ ಅಕ್ಷರವನ್ನೂ ಮನೆಯಲ್ಲಿ ಕೂಡಿಸಿ ಕಲಿಸಬೇಕಿತ್ತು, ಕಲಿಸಲಿಲ್ಲ. ಈಗ ರಜೆಗೆ ಬಂದಾಗ ದಿನಕ್ಕೆ ಒಂದು ತಾಸು ಕಲಿಸುತ್ತಿದ್ದೇನೆ. ಕಾಗುಣಿತ ಮುಗಿಯುತ್ತ ಬಂದಿದೆ.

ಸುವರ್ಣ ಮಹೋತ್ಸವದ ನೆನಪಿಗೆ ನನ್ನದು ಎರಡು ಬೇಡಿಕೆ. ಒಂದು, ನಿಮ್ಮ ನಿಮ್ಮ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಮೋಡಿ ಕಾಗದಗಳಿದ್ದರೆ ಸುಡಬೇಡಿ, ರದ್ದಿಗೆ ಹಾಕಬೇಡಿ. ಇನಾಮಿನ ಸನದು ಇರಬಹುದು, ಸಾಲದ ಚೀಟಿ ಇರಬಹುದು, ಯಾರದೋ ಅಜ್ಜ ಮಗಳಿಗೆ ಬರೆದ ಕಾಗದ ಇರಬಹುದು. ಅವುಗಳ ಫೋಟೋ ತೆಗೆಸಿ ಇಡಲು ಈ ಶಾಲೆಯಲ್ಲಿ ಒಂದು ಕಪಾಟು ಮಾಡಿರಿ. ಮೊದಲಿಗೆ ಆ ಮೂರು ಕಾರ್ಡುಗಳ ಪ್ರತಿಯನ್ನು ನಾನು ಕೊಡುತ್ತೇನೆ. ಎರಡು, ಈ ಶಾಲೆಯ ದಾಖಲಾತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಊರಿನವರು ಈ ಮಾತನ್ನು ಸಭೆ ಮುಗಿದ ಮೇಲೂ ಮನಸ್ಸಿನಲ್ಲಿಡಬೇಕು. ಇಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಮಾಸ್ತರರನ್ನು ಕೇಳಿ ಪಡೆಯಿರಿ. ಹಳೆಯ ವಿದ್ಯಾರ್ಥಿಗಳಾದ ನಾವು ನಮ್ಮ ಕೈಲಾದದ್ದನ್ನು ಕೂಡಿಸುತ್ತೇವೆ.

ಕೊನೆಗೆ ಆ ಹುಡುಗಿಗೆ ಉತ್ತರ. ಅವಳು ಈಗ ಎಲ್ಲಿದ್ದಾಳೋ, ಬಹುಶಃ ಅವಳ ಮಕ್ಕಳೇ ಒಂಬತ್ತನೆಯ ವರ್ಗಕ್ಕೆ ಬಂದಿರಬಹುದು. ತಂಗಿ, ನೀ ಕೇಳಿದ್ದು ಪರೀಕ್ಷಾಕ್ಕ ಬರೂದಿಲ್ಲ ಅಂದಿದ್ದು ನನ್ನ ತಪ್ಪು. ಪೇಶವೇರ ಕಡೇನ ನಮ್ಮ ಸೀಮಿ ಉಳದಿದ್ರ ನೀ ಮನ್ಯಾಗ ಇದ ಕನ್ನಡಾನ ಮಾತಾಡತಿದ್ದಿ. ಸಾಲಿಗಿ ಹೋಗತಿದ್ದಿಯೋ ಇಲ್ಲೋ, ಹೋದರೂ ನಿಮ್ಮವ್ವನ ಮಾತು ನಿನಗ ಬರಿಯಾಕ ಬರತಿತ್ತೋ ಇಲ್ಲೋ, ಅದನ್ನ ಹೇಳಾಕ ನನಗ ಬರೂದಿಲ್ಲ. ಇವತ್ತ ಬರಿಯಾಕ ಬರತೈತಿ. ಒಂದು ಕಾಗದ ಬರಿ.